ಸ್ಪರ್ಧೆಗೆ ಹೋಗಿ ಹಾಡದೆ ಕೂತಿದ್ದರ ಲಾಭ

ನಾನು ಕರ್ನಾಟಕ ಸಂಗೀತ ಹೇಳಿಕೊಡುವ ನಮ್ಮ ಕ್ಲಾಸಿನ ಮಕ್ಕಳೂ ಎಲ್ಲರ ಹಾಗೇ ಇದ್ದರು. ಸಂಗೀತ ಸ್ಪರ್ಧೆಗೆ ಹೋದರೆ ನಂಬರ್ ಕರೆದಾಗ ಹಾಡಿ, ಸರ್ಟಿಫಿಕೇಟ್ ತಗೊಂಡು, ಮಧ್ಯಾಹ್ನಕ್ಕೆ ತುಮಕೂರಿನ ಬಸ್ ಹತ್ತಿಬಿಡುತ್ತಿದ್ದರು. ಮೂರ್ನಾಲ್ಕು ವರ್ಷದ ಹಿಂದೆ ನಾನು, ಮೊದಲ ಸೀಸನ್ ಹಾಡುವುದೇ ಬೇಡ, ಬೆಳಗ್ಗೆಯಿಂದ ಸಂಜೆವರೆಗೆ ಕೂತು ಬೇರೆ ಮಕ್ಕಳನ್ನು ಕೇಳಿ ಅಂದೆ. "ಹಾಡೋದೇ ಇಲ್ಲ ಅಂದ್ಮೇಲೆ ಭಾನುವಾರ ಯಾಕೆ ಮೇಡಂ ಹಾಳು ಮಾಡ್ಬೇಕು?" ಅಂದರು ಪೋಷಕರು. ಪಾಠಾಂತರ, ಅಂದರೆ ಗುರುವಿನಿಂದ ಕಲಿತ ಹಾಡುವ ಕ್ರಮ, ಕಲಬೆರಕೆ ಆಗತ್ತೆ ನೋಡಿ ಅಂತ ಪರಿಚಯದ ಟೀಚರ್ ಒಬ್ಬರು ಹೆದರಿಸಿದರು. ಈ ವರ್ಷ ಹಾಡಿದ ಐವರಲ್ಲಿ ಮೂವರಿಗೆ ಬಹುಮಾನ ಬಂದಿದೆ. ಆ ಟೀಚರ್ರೇ ಈಗ ಫೋನ್ ಮಾಡಿ ಏನು ಮಾಡಿದ್ರಿ ಅಂತ ಕೇಳ್ತಿದ್ದಾರೆ!

ದೊಡ್ಡವರ ಸಂಗೀತ ಕಚೇರಿ ಕೇಳಿಸಿದರೆ ಸಾಲದಾ ಅನ್ನಬಹುದು. ಬೆಂಗಳೂರು ಗಾಯನ ಸಮಾಜಕ್ಕೆ ಎಷ್ಟೋ ಸಲ ಕರ್ಕೊಂಡು ಹೋಗಿದ್ದೇನೆ. ಮಕ್ಕಳು ತಲೆದೂಗಿ ಎದ್ದು ಬರುತ್ತಾರೆ, ಅಷ್ಟೇ. ವಿದ್ವಾಂಸರು ಸ್ವರ ಹಾಕಿ ಸಲೀಸಾಗಿ ಎಡುಪಿಗೆ (ತಾಳದಲ್ಲಿ ಹಾಡಿನ ಸಾಲು ಶುರುವಾಗೋ ಜಾಗಕ್ಕೆ) ಬಂದು ಕೂತರೆ, ಅದರಲ್ಲಿ ಕಷ್ಟ ಏನಿತ್ತು ಅನ್ನೋದೇ ಹತ್ತು ವರ್ಷದ ಹುಡುಗಿಗೆ ಕಾಣುವುದಿಲ್ಲ. ಅದೇ ತನ್ನ ವಯಸ್ಸಿನವಳು, ತನ್ನದೇ ಐದೂವರೆ ಮನೆ ಶ್ರುತಿಯಲ್ಲಿ (ಮನೆ ಅಂದರೆ ಶ್ರುತಿಯ ಎತ್ತರದ ಲೆಕ್ಕ), ತಾನೂ ಕಲಿತ ಕೃತಿ ಹಾಡ್ತಾ ಕೊನೆಯ ಭಾಗವಾದ ಚರಣದಲ್ಲಿ ತಾಳದ ಅರ್ಧ ಅಕ್ಷರ ಜಾರಿದರೆ ಪಕ್ಕದಲ್ಲಿ ಕೂತು ತಾಳ ಹಾಕುತ್ತಿದ್ದ ನಮ್ಮ ಹುಡುಗಿಯ ಕೈಯೇ ನಿಂತುಬಿಡುತ್ತೆ.

ಹಾಗಂತ ಮೊದಲ ವರ್ಷ ಏನೂ ಕೈಗೆ ಹತ್ತಲಿಲ್ಲ. ಎಲ್ಲರಿಗೂ ನೋಟ್‌ಬುಕ್ ಕೊಟ್ಟರೆ ಪುಟಗಟ್ಟಲೆ "ಸೂಪರ್", "ಚೆನ್ನಾಗಿತ್ತು" ಅಂತ ಬರೆದು ತಂದರು. ಒಬ್ಬಳು ಯಾರದೋ ಬಿರ್ಕಾ (ವೇಗದ ಸ್ವರಗಳ ಓಟ) ಹೊತ್ತು ತಂದು ಒಂದು ತಿಂಗಳು ಗಂಟಲು ಕೆಡಿಸಿಕೊಂಡಳು. ಇನ್ನೊಬ್ಬಳು ಅವರಷ್ಟು ನನಗೆ ಬರಲ್ಲ ಅಂತ ಕ್ಲಾಸಿಗೇ ಬರೋದು ಬಿಟ್ಟಳು. ವ್ಯಾನ್ ಬಾಡಿಗೆಯೇ ಒಂದು ಸಲಕ್ಕೆ ನಾಲ್ಕೂವರೆ ಸಾವಿರದ ಹತ್ತಿರ. ಊಟ, ತಿಂಡಿ ಸೇರಿ ಆ ಸೀಸನ್‌ಗೆ ಹದಿನೈದು ಸಾವಿರ ಆಗಿರಬೇಕು, ಅರ್ಧ ನನ್ನ ಕೈಯಿಂದ. ಆಮೇಲೆ ರೈಲು, ಮನೆಯಿಂದ ಚಿತ್ರಾನ್ನದ ಡಬ್ಬಿ.

ದಾರಿಗೆ ಬಂದದ್ದು ಒಬ್ಬರಿಗೆ ಒಂದೇ ಕೆಲಸ ಕೊಟ್ಟ ಮೇಲೆ. ಒಬ್ಬ ತಾಳದ ಕೈ ಮಾತ್ರ ನೋಡಬೇಕು. ಇನ್ನೊಬ್ಬಳಿಗೆ ಸಾಹಿತ್ಯ ನುಂಗುವ ಜಾಗ ಮಾತ್ರ. ಮತ್ತೊಬ್ಬಳಿಗೆ ಕೂತಲ್ಲಿಂದ ಮೊದಲ ಸ್ವರ ಬರುವವರೆಗಿನ ಅರ್ಧ ನಿಮಿಷ ಮಾತ್ರ. ಆ ಅರ್ಧ ನಿಮಿಷದಲ್ಲಿ ಎಷ್ಟು ಸಿಕ್ಕಿತು ಗೊತ್ತಾ! ಒಬ್ಬ ಹುಡುಗ ಮೊಬೈಲ್ ಆ್ಯಪಿನಲ್ಲಿ ಶ್ರುತಿ ಹಾಕಿಕೊಂಡು ಕಲ್ಯಾಣಿ ರಾಗ ಶುರು ಮಾಡಿದ್ದ, ಅಷ್ಟರಲ್ಲಿ ಕಾಲ್ ಬಂತು, ಶ್ರುತಿ ನಿಂತು ರಿಂಗ್‌ಟೋನ್ ಹೊಡೆಯಿತು. ಪಾಪ, ಮತ್ತೆ ಎತ್ತಿಕೊಳ್ಳುವಾಗ ಮಧ್ಯಮ ಸ್ವರ ಬದಲಾಗಿ ಶುದ್ಧ ಮಧ್ಯಮ ಬಂದು ಶಂಕರಾಭರಣ ಅನ್ನೋ ಬೇರೆ ರಾಗಕ್ಕೇ ಜಾರಿಬಿಟ್ಟ. ಆವತ್ತಿಂದ ನಮ್ಮ ಮಕ್ಕಳು ಏರೋಪ್ಲೇನ್ ಮೋಡ್ ಹಾಕದೆ ವೇದಿಕೆ ಹತ್ತಲ್ಲ.

ತಾಳದವನು ಹಿಡಿದು ತಂದದ್ದು ಇನ್ನೂ ದೊಡ್ಡದು. ಮೇಲಿನ ಷಡ್ಜ (ಎತ್ತರದ ಸ) ಹತ್ತಿರ ಬಂದ ಕೂಡಲೇ ಸುಮಾರು ಮಕ್ಕಳ ಕೈ ತೊಡೆಯ ಮೇಲೆ ನಿಧಾನ ಆಗುತ್ತೆ ಅಂತ ಬರೆದಿದ್ದ. ಅದನ್ನು ನೋಡಿ ತನ್ನ ಕೈಯನ್ನೂ ಗಮನಿಸಿದ, ಅವನದೂ ಅದೇ ಕಥೆ. ನಾನು ಎರಡು ವರ್ಷ ಬಾಯಿ ಬಡ್ಕೊಂಡಿದ್ದು ಒಂದೇ ಮಧ್ಯಾಹ್ನದಲ್ಲಿ ಆಯ್ತು. ಐದು ನಿಮಿಷಕ್ಕೆ ಹೊಡೆಯುವ ಬೆಲ್ ವಿಷಯವೂ ಮಕ್ಕಳೇ ಹೇಳಿದ್ದು: ಆದಿ ತಾಳ ಎರಡು ಕಳೆಯ (ತಾಳ ಎರಡರಷ್ಟು ನಿಧಾನವಾಗಿ ಸಾಗುವ) ಕೃತಿ ಎತ್ತಿಕೊಂಡವರು ಚರಣ ಮುಟ್ಟುವುದೇ ಇಲ್ಲ, ಮಧ್ಯದ ಅನುಪಲ್ಲವಿಗೇ ಟಣ್ ಅನ್ನುತ್ತೆ. ಬೆಳಗ್ಗೆಯೇ ಹಂಸಧ್ವನಿ ರಾಗದ ಆರೇಳು ಕೃತಿ ಕೇಳಿದ ಜಡ್ಜ್‌ಗಳು ಎಂಟನೆಯದಕ್ಕೆ ಪೆನ್ನು ಕೂಡ ಎತ್ತಲಿಲ್ಲವಂತೆ. ಈಗ ಕೃತಿ ಆರಿಸುವಾಗ ಮಕ್ಕಳದೂ ಒಂದು ಮಾತು ಇರುತ್ತೆ.

ನನಗೆ ಜಾಸ್ತಿ ಖುಷಿ ಕೊಟ್ಟಿದ್ದು ಹದಿನಾಲ್ಕರ ಹುಡುಗನ ವಿಷಯ. ಧ್ವನಿ ಒಡೆದಿತ್ತು, ಆದರೂ ಐದು ಮನೆ ಬಿಟ್ಟು ಇಳಿಯಲ್ಲ ಅಂತ ಹಠ. ಇಳಿಸಿದರೆ ಅವಮಾನ ಅಂದುಕೊಂಡಿದ್ದ. ಅವನದೇ ವಯಸ್ಸಿನ ಒಬ್ಬ ಎರಡು ಮನೆಯಲ್ಲಿ ಆರಾಮಾಗಿ ಖರಹರಪ್ರಿಯ ರಾಗ ಹಾಡಿ ಎದ್ದ. ರೈಲಿನಲ್ಲಿ ಇವನೇ ಬಂದು "ಮಿಸ್, ನಾನೂ ಎರಡಕ್ಕೆ ಇಳಿಸ್ಲಾ?" ಅಂದ. ಈ ಸಲದ ಮೂರನೇ ಬಹುಮಾನ ಅವನದೇ.

ವಾಪಸ್ ಬಂದ ವಾರ "ತಪ್ಪು ಹಾಡೋ ಕ್ಲಾಸ್" ಇಡುತ್ತೇನೆ. ಕಂಡ ತಪ್ಪನ್ನು ಬೇಕಂತಲೇ ಹಾಡಿ ತೋರಿಸಬೇಕು, ಉಳಿದವರು ಜಾಗ ಹೇಳಬೇಕು. ಹಾಡಿದ ಮಗುವಿನ ಹೆಸರು ಎತ್ತುವಂತಿಲ್ಲ, ಆಡಿಕೊಂಡು ನಗುವಂತಿಲ್ಲ. ಹೆದರಿ ಕ್ಲಾಸ್ ಬಿಟ್ಟಿದ್ದ ಹುಡುಗಿ ಈ ಆಟದ ಆಸೆಗೇ ವಾಪಸ್ ಬಂದಳು. ಯಾರ ಪಕ್ಕ ಯಾರನ್ನು ಕೂರಿಸುತ್ತೇನೆ, ರೈಲು ಹತ್ತಿದ ಮೇಲೆ ಮೊದಲು ಏನು ಕೇಳುತ್ತೇನೆ ಅನ್ನೋದನ್ನು ಮಾತ್ರ ಇಲ್ಲಿ ಹೇಳಲ್ಲ, ಹೊಟ್ಟೆಪಾಡು ನೋಡಿ.

ಮಧ್ಯೆ ಒಂದಿಷ್ಟು ಚೇಷ್ಟೆಯೂ ಆಯಿತು. ಫಲಿತಾಂಶಕ್ಕೆ ಮೊದಲು ಮಕ್ಕಳಿಂದಲೇ ಮೊದಲ ಮೂರು ಸ್ಥಾನ ಬರೆಸಿದೆ. ಮೊದಲನೆಯವರನ್ನು ಬಹುತೇಕ ಸರಿ ಹೇಳಿದರು, ಎರಡು ಮೂರರಲ್ಲಿ ಜಡ್ಜ್‌ಗಳಿಗೂ ಅವರಿಗೂ ಜಗಳವೇ. ಶಾಲೆಯ ಪ್ರತಿಭಾ ಕಾರಂಜಿಯಲ್ಲಿ ಕಂಠಪಾಠಕ್ಕೂ ಕೂರಿಸಿದ್ದೆ. ಉಸಿರು ಎಲ್ಲಿ ತಗೋಬೇಕು ಅನ್ನೋದು ಅಲ್ಲಿ ಚೆನ್ನಾಗಿ ಕಾಣುತ್ತೆ, ತಾಳದ ಗಲಾಟೆ ಇಲ್ಲವಲ್ಲ.

ಬರೀ ಕೇಳೋದಾದರೆ ಖರ್ಚು ಈಗ ಒಂದು ಮಗುವಿಗೆ ಇನ್ನೂರು ರೂಪಾಯಿ ದಾಟಲ್ಲ. ಹಾಡುವ ವರ್ಷ ಪ್ರವೇಶ ಶುಲ್ಕ, ಮೃದಂಗದವರಿಗೆ ಕೊಡೋದು ಸೇರಿದರೆ ಸಾವಿರದ ಮೇಲೆ ಹೋಗುತ್ತೆ, ಅದನ್ನು ಪೋಷಕರೇ ನೋಡಿಕೊಳ್ಳುತ್ತಾರೆ. ಮುಂದಿನ ಸೀಸನ್‌ಗೆ ಹಾಡುವ ಮಕ್ಕಳನ್ನು ಮೃದಂಗದ ಸ್ಪರ್ಧೆಗೆ ಕೂರಿಸಬೇಕು ಅಂತಿದೆ. ಖಂಡ ಚಾಪು ಅನ್ನೋ ಐದೆಣಿಕೆಯ ತಾಳದಲ್ಲಿ ಇಬ್ಬರು ಇನ್ನೂ ಒದ್ದಾಡುತ್ತಿದ್ದಾರೆ.