ಧೂಮಪಾನ ಬಿಡಿಸುವ ಮೊದಲು ಸೇದುವವರ ದಿನಚರಿ ತಿಳಿಯಿರಿ

ಹೊಗೆಯೊಂದಿಗೆ ಒಳಹೋದ ನಿಕೋಟಿನ್ ಕೆಲವೇ ಸೆಕೆಂಡುಗಳಲ್ಲಿ ಮಿದುಳನ್ನು ತಲುಪುತ್ತದೆ. ಚಟ ಬೇರೂರುವುದು ಈ ವೇಗದಿಂದ. ಆದರೆ ಒಬ್ಬರು ರಾತ್ರಿ ಪಾಳಿಯ ನಿದ್ದೆ ತಡೆಯಲು, ಇನ್ನೊಬ್ಬರು ಗೆಳೆಯರ ನಡುವೆ ಬೆರೆಯಲು, ಮತ್ತೊಬ್ಬರು ಆತಂಕ ತಗ್ಗಿಸಿಕೊಳ್ಳಲು ಸಿಗರೇಟು ಹಚ್ಚುತ್ತಾರೆ. ಎಲ್ಲರಿಗೂ ಒಂದೇ ಉಪದೇಶ ನಾಟದಿರುವುದು ಇದರಿಂದಲೇ.

ಆದ್ದರಿಂದ ಮೊದಲ ವಾರ ಪ್ರತಿ ಸಿಗರೇಟಿಗೂ ಮುನ್ನ ಸಮಯ, ಸ್ಥಳ, ಜೊತೆಗಿದ್ದವರು ಮತ್ತು ಆಗಿನ ಮನಃಸ್ಥಿತಿಯನ್ನು ಗುರುತು ಹಾಕಿಕೊಳ್ಳಲು ಹೇಳಿ. ಬರೆಯಲು ಬಾರದವರು ಮೊಬೈಲಿನಲ್ಲಿ ಧ್ವನಿ ಮುದ್ರಿಸಿಕೊಳ್ಳಲಿ. ಎದ್ದ ಅರ್ಧ ಗಂಟೆಯೊಳಗೆ ಸೇದಲೇಬೇಕು ಎನ್ನುವವರಲ್ಲಿ ಅವಲಂಬನೆ ಹೆಚ್ಚು. ಅಂಥವರಿಗೆ ಆಪ್ತಸಮಾಲೋಚನೆಯ ಜೊತೆಗೆ ಜಗಿಯುವ ನಿಕೋಟಿನ್ ಗಮ್, ಚರ್ಮಕ್ಕೆ ಅಂಟಿಸುವ ಪ್ಯಾಚ್ ಅಥವಾ ವೈದ್ಯರು ಬರೆದುಕೊಡುವ ಔಷಧವೂ ಬೇಕಾಗಬಹುದು. ಎರಡನ್ನೂ ಜೊತೆಗೂಡಿಸಿದರೆ ಫಲ ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆಯ 2024ರ ಮಾರ್ಗಸೂಚಿಯೂ ಹೇಳುತ್ತದೆ.

ಅನಂತರ ಮಾತುಕತೆ. ‘ಬಿಡದಿದ್ದರೆ ಸಾಯುತ್ತೀರಿ’ ಎಂದು ಹೆದರಿಸುವ ಬದಲು ‘ಬಿಟ್ಟರೆ ನಿಮಗೇನು ಸಿಗಬೇಕು?’ ಎಂದು ಕೇಳಿ, ಉತ್ತರ ಬರುವವರೆಗೆ ಸುಮ್ಮನಿರಿ. ಕಾರಣ ಅವರ ಬಾಯಿಂದಲೇ ಬರಬೇಕು. ಇಡೀ ಪ್ರಯತ್ನದಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವ ಹಂತ ಇದು. ಹದಿಹರೆಯದವರಿಗೆ ಮುಪ್ಪಿನ ಕಾಯಿಲೆಗಳು ಬಹಳ ದೂರದ ಮಾತು, ಆಟದಲ್ಲಿ ಏರುವ ಏದುಸಿರು ಇಂದಿನ ಅನುಭವ. ಗರ್ಭಿಣಿಯರನ್ನು ಅಪರಾಧಿಗಳಂತೆ ಕಂಡರೆ ಅವರು ಸೇದುವುದನ್ನು ಮುಚ್ಚಿಡುತ್ತಾರೆ, ನೆರವು ಅಲ್ಲಿಗೇ ನಿಲ್ಲುತ್ತದೆ.

ಸಿಗರೇಟು ಬಿಡಲು ಎರಡು ವಾರದೊಳಗಿನ ಒಂದು ದಿನವನ್ನು ಅವರೇ ಗೊತ್ತುಮಾಡಲಿ. ಬಯಕೆಯ ಒಂದು ಅಲೆ ಸಾಮಾನ್ಯವಾಗಿ ಕೆಲವು ನಿಮಿಷಗಳಲ್ಲಿ ಇಳಿಯುತ್ತದೆ. ಆ ನಿಮಿಷಗಳಲ್ಲಿ ಏನು ಮಾಡಬೇಕೆಂಬುದು ಮೊದಲೇ ನಿಗದಿಯಾಗಿರಬೇಕು: ಊಟ ಮುಗಿದೊಡನೆ ಸೇದುವ ರೂಢಿಯವರು ತಟ್ಟೆ ಬಿಟ್ಟೆದ್ದು ಹಲ್ಲುಜ್ಜಲಿ, ಕೆಲಸದ ಬಿಡುವಿನಲ್ಲಿ ಸೇದುವವರು ಸೇದದ ಸಹೋದ್ಯೋಗಿಯೊಡನೆ ನಡೆದಾಡಲಿ. ಕಾಫಿ ಕುಡಿಯುವವರು ಅದನ್ನೂ ಕಡಿಮೆ ಮಾಡುವುದು ಒಳ್ಳೆಯದು, ಏಕೆಂದರೆ ಹೊಗೆ ನಿಂತಾಗ ದೇಹ ಕೆಫೀನನ್ನು ನಿಧಾನವಾಗಿ ಹೊರಹಾಕುವುದರಿಂದ ಚಡಪಡಿಕೆ ಹೆಚ್ಚಬಹುದು.

ಮಾನಸಿಕ ಕಾಯಿಲೆಗೆ ಚಿಕಿತ್ಸೆ ಪಡೆಯುತ್ತಿರುವವರ ವಿಷಯದಲ್ಲಿ ಇದೇ ಕಾರಣಕ್ಕೆ ವಿಶೇಷ ಎಚ್ಚರಿಕೆ ಬೇಕು. ಕ್ಲೋಜಪಿನ್, ಒಲಾಂಜಪಿನ್‌ನಂಥ ಔಷಧಗಳೂ ನಿಧಾನವಾಗಿ ಹೊರಹೋಗಿ ಅವುಗಳ ಪ್ರಮಾಣ ರಕ್ತದಲ್ಲಿ ಏರಬಹುದಾದ್ದರಿಂದ, ಬಿಡುವ ದಿನಕ್ಕೆ ಮೊದಲೇ ಅವರ ವೈದ್ಯರಿಗೆ ತಿಳಿಸಬೇಕು. ‘ಇವರಿಗೆ ಸಿಗರೇಟೊಂದೇ ನೆಮ್ಮದಿ’ ಎಂದು ಕೈಬಿಡುವುದು ಅನ್ಯಾಯ. ಬಿಟ್ಟವರಲ್ಲಿ ಆತಂಕ, ಖಿನ್ನತೆ ತಗ್ಗುವುದನ್ನು ಅಧ್ಯಯನಗಳು ಕಂಡಿವೆ.

ಮೊದಲ ವಾರ ಸಿಡುಕು, ನಿದ್ರಾಭಂಗ ತೀವ್ರವಾಗಿರುತ್ತವೆ, ಮತ್ತೆ ಸೇದುವ ಸಾಧ್ಯತೆಯೂ ಆಗಲೇ ಹೆಚ್ಚು. ಆ ದಿನಗಳಲ್ಲಿ ತಪ್ಪದೆ ಕರೆ ಮಾಡಿ, ಎಡವಿದ್ದರೆ ಯಾವ ಹೊತ್ತಿನಲ್ಲಿ, ಯಾರ ಜೊತೆಗಿದ್ದಾಗ ಎಂದು ಕೇಳಿ, ಆ ಸನ್ನಿವೇಶಕ್ಕೆ ಹೊಸ ಉಪಾಯ ಗೊತ್ತುಮಾಡಿಕೊಂಡು ಮರುದಿನದಿಂದಲೇ ಮತ್ತೆ ಆರಂಭಿಸಿ.