ಡಿ ಡ್ರೈವ್ ಹೋದರೆ ಅಂಗಡಿಯೇ ಹೋದ ಹಾಗೆ

ತಿಪಟೂರಿನ ನನ್ನ ಡಿಟಿಪಿ ಅಂಗಡಿಯ ಡೆಸ್ಕ್‌ಟಾಪ್ 2011ರದ್ದು. ಐ5-2400 ಪ್ರೊಸೆಸರ್, ಎಚ್61 ಮದರ್‌ಬೋರ್ಡ್, 500 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 7. ಅದಕ್ಕೆ ಇಂಟರ್‌ನೆಟ್ ಕೊಟ್ಟಿಲ್ಲ. ವಾಟ್ಸಾಪ್, ಇಮೇಲ್ ಎಲ್ಲ ಪಕ್ಕದ ಲ್ಯಾಪ್‌ಟಾಪಿನಲ್ಲಿ. ಬಂದವರೆಲ್ಲ "ಇನ್ನೂ ಇದನ್ನೇ ಇಟ್ಕೊಂಡಿದೀರಲ್ಲ ಸಾರ್" ಅಂತಾರೆ. ಅದರೊಳಗಿರುವುದು ಪೇಜ್‌ಮೇಕರ್ 7, ನುಡಿ, ಬರಹ, ಯೂನಿಕೋಡ್‌ಗೂ ಮೊದಲಿನ ಹಳೆಯ ಆಸ್ಕಿ ಫಾಂಟುಗಳ ದೊಡ್ಡ ರಾಶಿ. ಡಿ ಡ್ರೈವಿನಲ್ಲಿ ಹನ್ನೆರಡು ವರ್ಷದ ಲಗ್ನಪತ್ರಿಕೆ, ಗೃಹಪ್ರವೇಶ, ಕರಪತ್ರ, ಶಾಲೆಗಳ ಸ್ಮರಣ ಸಂಚಿಕೆ. ಹೊಸ ಮೆಷಿನ್ನಿಗೆ ಇವನ್ನೆಲ್ಲ ಎಬ್ಬಿಸಿಕೊಂಡು ಹೋಗಿ ಅಕ್ಷರ ಸರಿಪಡಿಸುತ್ತ ಕೂರುವಷ್ಟು ಪುರಸೊತ್ತು ನನಗಿಲ್ಲ.

2023ರ ಏಪ್ರಿಲ್, ಮದುವೆ ಸೀಸನ್. ಆನ್ ಮಾಡಿ ಟೀ ಕುಡಿದು ಬಂದರೂ ಡೆಸ್ಕ್‌ಟಾಪ್ ತೆರೆದುಕೊಂಡಿರುತ್ತಿರಲಿಲ್ಲ. ಮೊದಲು ವೈರಸ್ ಇರಬೇಕು ಅಂದುಕೊಂಡೆ. ಆಮೇಲೆ ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್ ಡಿಸ್ಕ್ ಇನ್ಫೋ ಹಾಕಿ ನೋಡಿದರೆ ಹಳದಿ ಬಣ್ಣದಲ್ಲಿ 'ಕಾಷನ್'. ಸಿ5 ಅನ್ನುವ ಸಾಲಿನಲ್ಲಿ, ಅಂದರೆ ಓದಲಾಗದೆ ಬಾಕಿ ಉಳಿದ ಸೆಕ್ಟರುಗಳ (ಡಿಸ್ಕಿನ ಚಿಕ್ಕ ತುಂಡುಗಳ) ಲೆಕ್ಕದಲ್ಲಿ, 18 ಅಂತಿತ್ತು. ಹದಿನೆಂಟು ತಾನೇ ಅಂತ ಸಮಾಧಾನ ಮಾಡಿಕೊಂಡೆ. ಆ ತಂತ್ರಾಂಶ ಸಂಖ್ಯೆಗಳನ್ನು ಹೆಕ್ಸಾಡೆಸಿಮಲ್‌ನಲ್ಲಿ, ಅಂದರೆ ಹತ್ತರ ಬದಲು ಹದಿನಾರರ ಲೆಕ್ಕದಲ್ಲಿ ತೋರಿಸುತ್ತದೆ, ನಮ್ಮ ಲೆಕ್ಕಕ್ಕೆ ಅದು 24 ಅಂತ ಗೊತ್ತಾಗಿದ್ದು ಮಾರನೇ ದಿನ. ಅಷ್ಟು ಹೊತ್ತಿಗೆ ಅದು ಇನ್ನೂ ಏರಿತ್ತು. ಡಿಸ್ಕ್ ಸಾಯುತ್ತಿತ್ತು.

ಭಾನುವಾರ ಅಂಗಡಿಗಳಿರುವುದಿಲ್ಲ ಅಂತ ಸೋಮವಾರದ ರೈಲು ಹಿಡಿದು ಕಂಪ್ಯೂಟರ್ ಸಾಮಾನಿನ ಅಂಗಡಿಗಳಿರುವ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದೆ. 480 ಜಿಬಿ ಎಸ್‌ಎಸ್‌ಡಿ (ತಿರುಗುವ ತಟ್ಟೆಯಿಲ್ಲದ ಚಿಪ್ ಡಿಸ್ಕ್) ಒಂದು, 2 ಟಿಬಿ ಹಾರ್ಡ್ ಡಿಸ್ಕ್ ಒಂದು. ಎರಡೂ ಸೇರಿ ಏಳು ಸಾವಿರದ ಆಸುಪಾಸು. ಅಂಗಡಿಯ ಹುಡುಗ 4 ಟಿಬಿ ತೋರಿಸಿದ, ನಾನು ಬೇಡ ಅಂದೆ. ನನ್ನ ಡಿಸ್ಕುಗಳೆಲ್ಲ ಜಾಗ ಪಾಲು ಮಾಡುವ ಹಳೆಯ ಎಂಬಿಆರ್ ಪದ್ಧತಿಯವು; ಅದರಲ್ಲಿ ಸುಮಾರು 2.2 ಟಿಬಿ ದಾಟಿದ ಜಾಗ ಲೆಕ್ಕಕ್ಕೇ ಸಿಗುವುದಿಲ್ಲ. ಅದರ ಹೊಸ ಪದ್ಧತಿಯಾದ ಜಿಪಿಟಿ ಮಾಡಿಕೊಂಡರೆ ಆಗುತ್ತಿತ್ತು, ಆದರೆ ಸೀಸನ್ನಿನ ನಡುವೆ ಹೊಸ ತಲೆನೋವು ಯಾಕೆ. ದುಬಾರಿ ಎಸ್‌ಎಸ್‌ಡಿಯನ್ನೂ ಬಿಟ್ಟೆ. ಎಚ್61ರಲ್ಲಿ ಡಿಸ್ಕ್ ಸಿಕ್ಕಿಸಲು ಇರುವುದು ಸಾಟಾ 2 ಪೋರ್ಟು, ಸೆಕೆಂಡಿಗೆ 300 ಎಂಬಿಗಿಂತ ಹೆಚ್ಚು ಅದರಲ್ಲಿ ಹರಿಯುವುದಿಲ್ಲ. ಹಾಗಂತ ಹಳೇ ಮೆಷಿನ್ನಿಗೆ ಎಸ್‌ಎಸ್‌ಡಿ ದಂಡ ಅನ್ನುವವರ ಮಾತು ನಂಬಬೇಡಿ. ನಮಗೆ ಬೇಕಾದ್ದು ದೊಡ್ಡ ಫೈಲಿನ ವೇಗವಲ್ಲ. ಸಾವಿರಾರು ಚಿಕ್ಕ ಚೂರುಗಳನ್ನು ಹುಡುಕುತ್ತ ಹಾರ್ಡ್ ಡಿಸ್ಕಿನ ಓದುವ ಮುಳ್ಳು ಅತ್ತಿಂದಿತ್ತ ಓಡಾಡುವುದು ತಪ್ಪಬೇಕು, ಅಷ್ಟೇ.

ಕ್ಯಾಬಿನೆಟ್ ಬಿಚ್ಚಿದಾಗ ಹನ್ನೆರಡು ವರ್ಷದ ಕಾಗದದ ಧೂಳು ಹತ್ತಿಯ ಹಾಗೆ ಎದ್ದು ಬಂತು. ಅದರ ಹಿಂದೆ ನಿಜವಾದ ತೊಡಕು ಕಂಡಿತು: ಕರೆಂಟ್ ಹಂಚುವ ಎಸ್‌ಎಂಪಿಎಸ್ ಪೆಟ್ಟಿಗೆಯಿಂದ ಬರುವ ಸಾಟಾ ಪವರ್ ಪಿನ್ನು ಎರಡೇ. ಒಂದು ಹಾರ್ಡ್ ಡಿಸ್ಕಿಗೆ, ಇನ್ನೊಂದು ಡಿವಿಡಿ ರೈಟರ್‌ಗೆ. ನಾಲ್ಕು ಪಿನ್ನಿನ ಹಳೇ ಮೊಲೆಕ್ಸ್‌ನಿಂದ ಸಾಟಾಕ್ಕೆ ಬದಲಿಸುವ ವೈರು ಅಗ್ಗಕ್ಕೆ ಸಿಗುತ್ತದೆ. ಆದರೆ ಅಂಥ ಅಚ್ಚು ಹೊಯ್ದ ಪ್ಲಾಸ್ಟಿಕ್ ತಲೆಗಳೊಳಗೆ ತಂತಿ ಒಂದಕ್ಕೊಂದು ತಾಗಿ ಸುಟ್ಟ ಉದಾಹರಣೆಗಳಿವೆ. ಡಿವಿಡಿ ರೈಟರನ್ನೇ ಕಿತ್ತೆ. ಅದಕ್ಕೆ ತಟ್ಟೆ ಹಾಕಿ ಎಷ್ಟು ವರ್ಷವಾಗಿತ್ತೋ. ಅದರಿಂದ ಇನ್ನೊಂದು ಲಾಭವೂ ಆಯಿತು: ಹಾರ್ಡ್ ಡಿಸ್ಕಿನ ದಪ್ಪ ಮರೆಯ (ತಿರುಪಿನ ಗೆರೆಯ) ಸ್ಕ್ರೂ ಎಸ್‌ಎಸ್‌ಡಿಗೆ ಕೂರುವುದಿಲ್ಲ, ಬಲವಂತ ಮಾಡಿದರೆ ಮರೆ ಹಾಳಾಗುತ್ತದೆ. ಡಿವಿಡಿ ರೈಟರಿನ ಸಣ್ಣ ಸ್ಕ್ರೂಗಳು ಹದವಾಗಿ ಕೂತವು.

ಪಿನ್ನು ಎರಡೇ ಇದ್ದದ್ದರಿಂದ ಕೆಲಸದ ಸರದಿಯೂ ತಾನಾಗಿ ನಿಂತಿತು. ಮೊದಲು ಹಳೇ ಡಿಸ್ಕಿನ ಜೊತೆ 2 ಟಿಬಿ ಸಿಕ್ಕಿಸಿ ಡಿ ಡ್ರೈವ್ ನಕಲು. ವೇಗ ಆಮೇಲೆ ನೋಡಿಕೊಂಡರಾಯಿತು; ಸಾಯುವ ಡಿಸ್ಕಿನ ಮೇಲೆ ಸ್ಕ್ಯಾನು, ರಿಪೇರಿ ಅಂತ ಆಟವಾಡುವ ಮೊದಲು ಫೈಲು ಹೊರಗೆ ಬರಬೇಕು. ಮಾಮೂಲಿ ಕಾಪಿ-ಪೇಸ್ಟ್ ಅರ್ಧಕ್ಕೇ ನಿಂತಿತು. ವಿಂಡೋಸಿನಲ್ಲೇ ಇರುವ ನಕಲು ಮಾಡುವ ತಂತ್ರಾಂಶ ರೋಬೋಕಾಪಿ ಹಿಡಿದೆ. ಅದರಲ್ಲೊಂದು ತೊಡಕಿದೆ: ಓದಲಾಗದ ಫೈಲು ಸಿಕ್ಕರೆ ಮೂವತ್ತು ಸೆಕೆಂಡಿಗೊಮ್ಮೆ ಹತ್ತು ಲಕ್ಷ ಸಲ ಮತ್ತೆ ಪ್ರಯತ್ನಿಸು ಅನ್ನುವುದೇ ಅದರ ಹುಟ್ಟುಗುಣ. ಒಂದೇ ಸಲ ನೋಡು, ಒಂದೇ ಸೆಕೆಂಡು ಕಾಯಿ, ಆಗದ್ದನ್ನು ಲಾಗ್‌ನಲ್ಲಿ ಬರೆದು ಮುಂದೆ ಹೋಗು ಅಂತ ಹೇಳಿಕೊಟ್ಟು ರಾತ್ರಿ ಶಟರ್ ಎಳೆದೆ. ಬೆಳಗ್ಗೆ 280 ಜಿಬಿಯಲ್ಲಿ ಮೂರು ಫೈಲು ಮಾತ್ರ ಬಿದ್ದುಹೋಗಿದ್ದವು.

ಆಮೇಲೆ 2 ಟಿಬಿ ತೆಗೆದು ಎಸ್‌ಎಸ್‌ಡಿ ಸಿಕ್ಕಿಸಿದೆ. ಡಿಸ್ಕಿಗೆ ಡಿಸ್ಕ್ ಕ್ಲೋನ್, ಅಂದರೆ ಇಡೀ ಡಿಸ್ಕನ್ನು ಇದ್ದ ಹಾಗೇ ನಕಲು ಮಾಡು ಅಂದರೆ ಕ್ಲೋನ್ ತಂತ್ರಾಂಶ ಒಪ್ಪಲಿಲ್ಲ. 500 ಎಲ್ಲಿ, 480 ಎಲ್ಲಿ. ಸಿಸ್ಟಮ್ ರಿಸರ್ವ್ಡ್ ಅನ್ನುವ 100 ಎಂಬಿ ಮತ್ತು ಸಿ ಡ್ರೈವ್, ಇವೆರಡನ್ನೇ ಟಿಕ್ ಮಾಡಿದೆ. ಆಯಿತು ಅಂತ ಬಂತು. ರೀಸ್ಟಾರ್ಟ್ ಮಾಡಿದರೆ ಅದೇ ಆಮೆ. ಬಾಯಿಗೆ ಬಂದದ್ದು ಅಂದುಕೊಂಡು ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದೆ. ಎಸ್‌ಎಸ್‌ಡಿ 'ಆಫ್‌ಲೈನ್' ಅಂತಿತ್ತು. ಏನು ಎತ್ತ ನೋಡದೆ 'ಆನ್‌ಲೈನ್' ಒತ್ತಿದೆ. ಅದೇ ತಪ್ಪಾಯಿತು.

ಪ್ರತಿ ಡಿಸ್ಕಿಗೂ ಒಂದು ಗುರುತಿನ ಸಂಖ್ಯೆ ಇರುತ್ತದೆ, ಕ್ಲೋನ್ ಮಾಡಿದಾಗ ಅದೂ ನಕಲಾಗಿತ್ತು. ಒಂದೇ ಗುರುತಿನ ಇಬ್ಬರು ಬಂದರೆ ವಿಂಡೋಸ್ ಒಬ್ಬರನ್ನು ಹೊರಗೆ ನಿಲ್ಲಿಸುತ್ತದೆ. ಮೆಷಿನ್ನನ್ನು ಮೊದಲು ಎಬ್ಬಿಸುವ ಬಯೋಸ್ ಹಳೇ ಡಿಸ್ಕಿನಿಂದಲೇ ಬೂಟ್ ಮಾಡಿದ್ದರಿಂದ ಹೊರಗೆ ನಿಂತದ್ದು ಹೊಸದು. ನಾನು ಆನ್‌ಲೈನ್ ಒತ್ತಿದಾಗ ಅದಕ್ಕೆ ಬೇರೆ ಗುರುತು ಬರೆದುಬಿಟ್ಟಿತು. ಬೂಟ್ ಫೈಲು ಹುಡುಕುವುದು ಹಳೇ ಗುರುತನ್ನು. ಹಳೇ ಡಿಸ್ಕ್ ಬಿಚ್ಚಿ ಎಸ್‌ಎಸ್‌ಡಿ ಒಂದನ್ನೇ ಬಿಟ್ಟರೆ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ. ರಿಪೇರಿ ಮಾಡುವ ದಾರಿ ಇದೆ, ಆದರೆ ಮತ್ತೊಮ್ಮೆ ಕ್ಲೋನ್ ಮಾಡುವುದೇ ಸುಲಭ ಅನ್ನಿಸಿತು. ಎರಡನೇ ಸಲ ಕ್ಲೋನ್ ಮುಗಿದ ಕೂಡಲೇ ಶಟ್‌ಡೌನ್, ಹಳೇ ಡಿಸ್ಕಿನ ಕೇಬಲ್ ಕಿತ್ತು ಆಮೇಲೆ ಆನ್. ಅರ್ಧ ನಿಮಿಷದಲ್ಲಿ ಡೆಸ್ಕ್‌ಟಾಪ್. ಬಯೋಸ್‌ನಲ್ಲಿ ಡಿಸ್ಕಿನ ಜೊತೆ ಮಾತಾಡುವ ರೀತಿ ಹಳೆಯ ಐಡಿಇ ಇದ್ದದ್ದನ್ನು ಹೊಸ ಎಎಚ್‌ಸಿಐ ಮಾಡಿದ್ದು ಒಂದು ವಾರ ಕಳೆದ ಮೇಲೆ, ಅದೂ ರಿಜಿಸ್ಟ್ರಿಯಲ್ಲಿ ಆ ಡ್ರೈವರನ್ನು ಮೊದಲು ಎಬ್ಬಿಸಿ. ಹಾಗೇ ಬದಲಿಸಿದರೆ ನೀಲಿ ಪರದೆ ಗ್ಯಾರಂಟಿ.

ಕೊನೆಗೆ ಖಾಲಿಯಾದ ಪಿನ್ನಿಗೆ 2 ಟಿಬಿ. ಎಲ್ಲ ಸರಿ ಅಂತ ಪೇಜ್‌ಮೇಕರಿನಲ್ಲಿ ಒಂದು ಪತ್ರಿಕೆ ತೆರೆದರೆ ಗಣಪತಿ ಎಲ್ಲಿ ಅಂತ ಕೇಳಿತು. ಹೊಸ ಡಿಸ್ಕಿಗೆ ಎಫ್ ಅಕ್ಷರ ಬಂದಿತ್ತು. ಫೈಲುಗಳೆಲ್ಲ ಚಿತ್ರಗಳನ್ನು ಹುಡುಕುವುದು ಡಿಯಲ್ಲಿ. ಅಕ್ಷರ ಬದಲಿಸಿ ಡಿ ಮಾಡಿದೆ, ಸಾವಿರಾರು ಗಣಪತಿಗಳು ಒಟ್ಟಿಗೆ ವಾಪಸ್ ಬಂದರು.

ಬಿದ್ದುಹೋದ ಮೂರರಲ್ಲಿ ಎರಡು ಯಾವುದೋ ಬಿಲ್ ಬುಕ್ಕು. ಮೂರನೆಯದು ಒಂದು ಹೈಸ್ಕೂಲಿನ ಬೆಳ್ಳಿಹಬ್ಬದ ಸಂಚಿಕೆ, ನಾನು ಹದಿನೈದು ರಾತ್ರಿ ಕೂತು ಮಾಡಿದ್ದು. ಮುದ್ರಿತ ಪ್ರತಿ ಒಂದು ಶೆಲ್ಫಿನಲ್ಲಿದೆ.

ಆ ಶನಿವಾರ ಹೊನ್ನವಳ್ಳಿ ಕಡೆಯ ಯಜಮಾನರೊಬ್ಬರು ಬಂದು, "ದೊಡ್ಡವನ್ ಮದ್ವೆದು ನಿಮ್ಮತ್ರಾನೇ ಮಾಡ್ಸಿದ್ದು, ಚಿಕ್ಕವನ್ದೂ ಹಂಗೇ ಇರ್ಲಿ" ಅಂದರು. 2016ರ ಫೋಲ್ಡರ್ ತೆರೆದೆ. ವಧುವರರ ಹೆಸರು, ದಿನಾಂಕ, ಮುಹೂರ್ತ ತಿದ್ದಿದೆ. ಛತ್ರ ಅದೇ ಇತ್ತು.