ಪ್ಲಗ್ ಚುಚ್ಚುವ ಸೋಲಾರ್: ಯೂಟಾದಲ್ಲಿರುವ ಕನ್ನಡಿಗರಿಗೆ

ಪ್ಯಾನೆಲ್ ಅನ್ನು ಬಾಲ್ಕನಿಗೆ ಕಟ್ಟಿ, ಅದರ ವೈರನ್ನು ಗೋಡೆಯ ಸಾಕೆಟ್‌ಗೆ ಚುಚ್ಚಿದರೆ ಆಯಿತು, ಮನೆಗೆ ಬಿಸಿಲಿನ ಕರೆಂಟ್. ಅಮೆರಿಕದ ಯೂಟಾ ರಾಜ್ಯ 2025ರಲ್ಲಿ ಇದಕ್ಕೆ ಕಾನೂನಿನ ದಾರಿ ಮಾಡಿಕೊಟ್ಟಿತು. ಶಾಸಕ ರೇಮಂಡ್ ವಾರ್ಡ್ ತಂದ ಎಚ್‌ಬಿ 340 ಮಸೂದೆಗೆ ಗವರ್ನರ್ ಸ್ಪೆನ್ಸರ್ ಕಾಕ್ಸ್ ಸಹಿ ಹಾಕಿದರು. ವಿದ್ಯುತ್ ಕಂಪನಿಯ ಒಪ್ಪಿಗೆಯೂ ಬೇಡ, ಶುಲ್ಕವೂ ಬೇಡ. ಅಮೆರಿಕದಲ್ಲಿ ಮೊದಲು ಇಂಥ ಕಾನೂನು ಮಾಡಿದ ರಾಜ್ಯ ಇದೇ. ಆದರೆ ಕೇಳುವವರು ಯಾರೂ ಇಲ್ಲ ಅಂದಮೇಲೆ ಜವಾಬ್ದಾರಿ ಪೂರ್ತಿ ನಿಮ್ಮದೇ ಅಲ್ವಾ?

ಕೊಳ್ಳುವಾಗ ಇನ್ವರ್ಟರ್, ಅಂದರೆ ಪ್ಯಾನೆಲ್‌ನ ಕರೆಂಟನ್ನು ಮನೆಗೆ ಹೊಂದುವಂತೆ ಬದಲಿಸುವ ಪೆಟ್ಟಿಗೆ, ಅದರ ಮೇಲಿನ ಚೀಟಿ ಓದಿ. ಔಟ್‌ಪುಟ್ 1,200 ವ್ಯಾಟ್ ದಾಟಬಾರದು. ಯುಎಲ್ ಅಥವಾ ಅದಕ್ಕೆ ಸಮನಾದ ಪರೀಕ್ಷಾ ಸಂಸ್ಥೆಯ ಮುದ್ರೆ ಇರಬೇಕು. ಬರೀ ಪ್ಯಾನೆಲ್ ಮೇಲೆ ಇದ್ದರೆ ಸಾಲದು, ಇಡೀ ಸಾಧನಕ್ಕೆ ಬೇಕು. ಬೀದಿಯ ಕರೆಂಟ್ ಹೋದ ತಕ್ಷಣ ಸಾಧನ ತಾನಾಗಿಯೇ ನಿಲ್ಲಬೇಕು ಅನ್ನುತ್ತದೆ ಕಾನೂನು. ಇಲ್ಲದಿದ್ದರೆ ಲೈನ್ ಸತ್ತಿದೆ ಎಂದುಕೊಂಡು ಕಂಬ ಹತ್ತಿದವರ ಜೀವಕ್ಕೇ ಅಪಾಯ.

ಈಗ ಸಾಕೆಟ್. ಇಲ್ಲಿ ಸ್ವಲ್ಪ ನಿಂತು ಲೆಕ್ಕ ಹಾಕಿ. 120 ವೋಲ್ಟ್‌ನಲ್ಲಿ 1,200 ವ್ಯಾಟ್ ಅಂದರೆ 10 ಆಂಪಿಯರ್. ಗೋಡೆಯೊಳಗಿನ ವೈರು 15 ಆಂಪಿಯರ್‌ನದು ಅನ್ನಿ, ಮಿತಿ ಮೀರಿದರೆ ಲೈನ್ ಕಡಿಯುವ ಬ್ರೇಕರ್ ಕೂಡ ಅಷ್ಟರದೇ. ಅದೇ ಲೈನಿಗೆ ಹೀಟರು, ಮೈಕ್ರೋವೇವ್ ಎರಡೂ ಹಾಕಿದಿರಿ ಅನ್ನಿ. ಬ್ರೇಕರ್ ಕಡೆಯಿಂದ 15, ಪ್ಯಾನೆಲ್ ಕಡೆಯಿಂದ 10, ಒಟ್ಟು 25 ಆಂಪಿಯರ್ ಹರಿಯಬಹುದು. ಬ್ರೇಕರ್‌ಗೆ ಕಾಣುವುದು ತನ್ನ ಪಾಲಿನ 15 ಮಾತ್ರ, ಅದು ಬೀಳುವುದಿಲ್ಲ. ವೈರು ಮಾತ್ರ ಒಳಗೊಳಗೇ ಬಿಸಿಯಾಗುತ್ತದೆ. ಅದಕ್ಕೇ ಬೇರೇನೂ ಇಲ್ಲದ ಲೈನಿನ ಸಾಕೆಟ್ ಆರಿಸಿ. ಗೊತ್ತಾಗದಿದ್ದರೆ ಎಲೆಕ್ಟ್ರಿಷಿಯನ್‌ಗೆ ತೋರಿಸಿ, ಆ ದುಡ್ಡು ದಂಡವಲ್ಲ. ಎಕ್ಸ್‌ಟೆನ್ಷನ್ ಬಾಕ್ಸ್ ಬೇಡವೇ ಬೇಡ.

ಪ್ಯಾನೆಲ್ ದಕ್ಷಿಣಕ್ಕೆ ಮುಖ ಮಾಡಿರಲಿ. ಗಾಳಿಗೆ ಹಾರದಂತೆ ಬಿಗಿಯಾಗಿ ಕಟ್ಟಿ. ಬಾಡಿಗೆ ಮನೆಯಾದರೆ ಓನರ್‌ಗೆ ಮೊದಲೇ ಒಂದು ಮಾತು ಹೇಳಿಬಿಡಿ.

800 ವ್ಯಾಟ್‌ನ ಸೆಟ್ ನಾಲ್ಕು ಗಂಟೆ ಪೂರ್ತಿ ಬಿಸಿಲು ಕಂಡರೆ 3.2 ಯೂನಿಟ್. ಉಳಿದ ಕರೆಂಟ್ ಹೊರಗೆ ಹೋದರೆ ಕಂಪನಿ ದುಡ್ಡು ಕೊಡುವುದಿಲ್ಲ, ಹೊರಗೆ ಕೊಟ್ಟ ಕರೆಂಟನ್ನು ಬಿಲ್ಲಿನಲ್ಲಿ ಕಳೆಯುವ ನೆಟ್ ಮೀಟರಿಂಗ್ ಈ ಸಾಧನಗಳಿಗೆ ಇಲ್ಲ. ಹಾಗಾಗಿ ಬಟ್ಟೆ ಒಗೆಯುವ ಮಷಿನ್ ರಾತ್ರಿ ಬದಲು ಮಧ್ಯಾಹ್ನ ಹಾಕಿ.

ಚೆನ್ನಾಗಿದೆ ಅಂತ ಒಂದು ಸೆಟ್ ಊರಿಗೆ ಮಾತ್ರ ತರಬೇಡಿ. ನಮ್ಮಲ್ಲಿ 230 ವೋಲ್ಟ್, 120 ವೋಲ್ಟ್‌ನ ಆ ಸೆಟ್ ಇಲ್ಲಿ ನಡೆಯುವುದಿಲ್ಲ. ಕರ್ನಾಟಕದಲ್ಲಿ ಗ್ರಿಡ್‌ಗೆ ಸೋಲಾರ್ ಜೋಡಿಸಲು ಬೆಸ್ಕಾಂನಂಥ ಕಂಪನಿಗೆ ಅರ್ಜಿ ಹಾಕಲೇಬೇಕು.